ನಿನಗ್ಯಾಕೋ ಕಾರು?

ಅಂಬಾಸಿಡರ್ ಕಾರು ಬಂತೆಂದರೆ ನಮ್ಮ ಕಡೆ ಜನ ಎದ್ದು ನಿಲ್ಲುತ್ತಿದ್ದರು. ಕಾರಿಗಲ್ಲ, ಅದರ ಹಿಂದಿನ ಸೀಟಿಗೆ. ಆ ಸೀಟಿನಲ್ಲಿ ಡಿಸಿ ಇರಬಹುದು, ಮಂತ್ರಿ ಇರಬಹುದು, ನಾಟಾ ಕಂತ್ರಾಟುದಾರ ಇರಬಹುದು. ಯಾರೇ ಇದ್ದರೂ ನಾವು ಕೈ ಮುಗಿಯಬೇಕಾದವರೇ.

ವಿಚಿತ್ರವೆಂದರೆ ಇದು ದೊರೆಗಳ ಕಾರೇ ಅಲ್ಲ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಸಂಸಾರಸ್ಥರ ಕಾರಿನ ಅಚ್ಚು ಇದು. ಅಲ್ಲಿ ಅಂಗಡಿಯವರು, ಮೇಷ್ಟರು ಹೆಂಡಿರು ಮಕ್ಕಳನ್ನು ಕೂರಿಸಿಕೊಂಡು ಹೋಗುತ್ತಿದ್ದ ಗಾಡಿ. ಬಂಗಾಳದ ಉತ್ತರಪಾಡಾದಲ್ಲಿ ಹಿಂದುಸ್ತಾನ್ ಮೋಟರ್ಸ್‌ನವರು 1957ರಿಂದ ಇದನ್ನು ಮಾಡತೊಡಗಿದರು, 2014ರ ಮೇ ತಿಂಗಳಲ್ಲಿ ನಿಲ್ಲಿಸಿದರು. ಕಾರು ಬೇಕಾದವರು ದುಡ್ಡು ಕಟ್ಟಿ ವರ್ಷಗಟ್ಟಲೆ ಸರದಿಯಲ್ಲಿ ಕಾಯಬೇಕಿದ್ದ ಆ ಲೈಸೆನ್ಸಿನ ಕಾಲದಲ್ಲಿ ಸಂಸಾರಸ್ಥರ ಕಾರು ಇಲ್ಲಿ ದರ್ಬಾರಿನ ಕಾರಾಯಿತು. ಆ ಸರದಿಯಲ್ಲಿ ನಮ್ಮ ಓಣಿಯವರು ಯಾರೂ ನಿಂತಿರಲಿಲ್ಲ. ನಮ್ಮವರು ಸ್ಟೇರಿಂಗಿನ ಹಿಂದೆ ಇದ್ದರು, ಇಲ್ಲವೇ ಕಾರಿನ ಅಡಿಯಲ್ಲಿ ಗ್ರೀಸು ಹಚ್ಚುತ್ತ ಮಲಗಿದ್ದರು.

ನಮ್ಮಪ್ಪ ಸ್ಟೇರಿಂಗ್ ಹಿಡಿದವನು. ಹಳಿಯಾಳದ ಸಮಗಾರ ಓಣಿಯಿಂದ ದಾಂಡೇಲಿಗೆ ಕೂಲಿಗೆ ಬಂದವ. 1955ರಲ್ಲಿ ಹುಟ್ಟಿದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲು, ನಾಟಾ ಡಿಪೋ, ಪ್ಲೈವುಡ್ ಕಾರ್ಖಾನೆ ಇವೆಲ್ಲ ಸೇರಿ ಕಾಡಿನ ನಡುವೆ ಊರು ಬೆಳೆಯುತ್ತಿದ್ದ ದಿನಗಳು. ಅಪ್ಪ ಮೊದಲು ಲಾರಿ ಕ್ಲೀನರ್ ಆದ, ಆಮೇಲೆ ಡ್ರೈವರ್ ಆದ. 1973ರಿಂದ 1991ರವರೆಗೆ ಹದಿನೆಂಟು ವರ್ಷ ಒಬ್ಬ ನಾಟಾ ಸಾವ್ಕಾರರ ಅಂಬಾಸಿಡರ್ ಓಡಿಸಿದ. 1968ರ ಮಾರ್ಕ್ ಟೂ ಅದು, ಮುಂದೆ ಚೌಕುಳಿ ಚೌಕುಳಿಯ ಜಾಳಿಗೆ ಇರುವಂಥದ್ದು. ಜೋಯಿಡಾ ಕಡೆಯ ಕಾಡುರಸ್ತೆ, ಹಳೇ ಸೂಪಾ ಊರಿನ ರಸ್ತೆ ಎಲ್ಲ ಅವನ ಅಂಗೈ ಗೆರೆ ಇದ್ದಂತೆ. ಅದರಲ್ಲಿ ಎಷ್ಟೋ ರಸ್ತೆ ಈಗ ಇಲ್ಲ. 1987ರ ಹೊತ್ತಿಗೆ ಸೂಪಾ ಅಣೆಕಟ್ಟು ಮುಗಿದು ಊರೂ ರಸ್ತೆಯೂ ಕಾಳಿಯ ನೀರಿನ ಅಡಿ ಸೇರಿದವು.

ಮೈಲಿಗೆ ಎಂಬುದು ಭಾಳ ಶಾಣ್ಯಾ ಐತಿ, ಗೆಳೆಯರೆ. ಅಪ್ಪನ ಕೈ ಸ್ಟೇರಿಂಗಿಗೆ ನಡೀತಿತ್ತು, ಸಾವ್ಕಾರರ ಮನೆಯ ಚಾದ ಕಪ್ಪಿಗೆ ನಡೀತಿರಲಿಲ್ಲ. ಅವನ ಕಪ್ಪು ಹೊರಗೆ, ಕಿಟಕಿಯ ಮೇಲೆ. ಕುಡಿದು ತಾನೇ ತೊಳೆದಿಡಬೇಕು. ಘಟ್ಟದ ತಿರುವಿನಲ್ಲಿ ಸಾವ್ಕಾರರ ಇಡೀ ಸಂಸಾರದ ಜೀವ ಆ ಕೈಯಲ್ಲಿರುವಾಗ ಮಾತ್ರ ಕೈಗೆ ಜಾತಿ ಇರಲಿಲ್ಲ.

ಬಾಬಾಸಾಹೇಬರು ಬರೆದುಕೊಂಡದ್ದನ್ನು ಓದಿದವರಿಗೆ ಇದು ಹೊಸದಲ್ಲ. 1901ರಲ್ಲಿ ಹುಡುಗ ಭೀಮರಾವ್ ಮತ್ತು ಅವನ ಜೊತೆಯ ಮಕ್ಕಳನ್ನು ಮಸೂರ್ ಸ್ಟೇಷನ್ನಿನಿಂದ ಕರೆದೊಯ್ಯಲು ಯಾವ ಗಾಡಿಯವನೂ ಒಪ್ಪಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು, ಮಕ್ಕಳೇ ಗಾಡಿ ಹೊಡೆದುಕೊಳ್ಳುವುದೆಂದೂ ಗಾಡಿಯವ ಪಕ್ಕದಲ್ಲಿ ನಡೆದು ಬರುವುದೆಂದೂ ಒಪ್ಪಂದವಾಯಿತು. 1929ರಲ್ಲಿ ಚಾಳೀಸಗಾಂವದಲ್ಲಿ ಮತ್ತೆ ಅದೇ. ಟಾಂಗಾ ಕೊಡುತ್ತೇವೆ, ಹೊಡೆಯುವುದಿಲ್ಲ ಅಂದರು. ಹೊಡೆದು ಗೊತ್ತಿಲ್ಲದ ನಮ್ಮವನೊಬ್ಬ ಲಗಾಮು ಹಿಡಿದ. ಮೋರಿಯ ಮೇಲೆ ಅಪಘಾತವಾಗಿ ಬಾಬಾಸಾಹೇಬರ ಕಾಲು ಮುರಿಯಿತು. ಅಷ್ಟೊತ್ತಿಗೆ ಅವರು ಬ್ಯಾರಿಸ್ಟರ್! ಅಲ್ಲಿ ನಮ್ಮವರನ್ನು ಕೂರಿಸಿಕೊಂಡು ಹೊಡೆಯುವವರು ಇರಲಿಲ್ಲ. ಇಲ್ಲಿ ನಮ್ಮವರು ಹೊಡೆಯಬಹುದು, ಕೂರುವಂತಿಲ್ಲ. ಜಾತಿ ತನಗೆ ಬೇಕಾದಂತೆ ಸೀಟು ಬದಲಿಸುತ್ತದೆ.

ಅವ್ವ ಆ ಕಾರಿನ ಸೀಟಿನ ಕವರುಗಳನ್ನು ಹದಿನೈದು ದಿನಕ್ಕೊಮ್ಮೆ ಹಳ್ಳಕ್ಕೆ ಒಯ್ದು ಒಗೆಯುತ್ತಿದ್ದಳು. ಅದರ ಮೇಲೆ ಒಂದು ಸಲವೂ ಕೂತವಳಲ್ಲ. ಸಾವ್ಕಾರರ ನಾಯಿ ಕೂರುತ್ತಿತ್ತು. ಕವರಿಗೆ ಹತ್ತಿದ ಅದರ ಕೂದಲನ್ನು ಅವ್ವ ಕೈಯಿಂದ ಆರಿಸಿ ತೆಗೆಯುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ.

1991ರಲ್ಲಿ ಸಾವ್ಕಾರರು ಹೊಸ ಗಾಡಿ ತಂದರು. ಅಪ್ಪ ಕೂಡಿಟ್ಟ ದುಡ್ಡು ಟವೆಲ್ಲಿನಲ್ಲಿ ಕಟ್ಟಿಕೊಂಡು ಹೋಗಿ, 'ಹಳೇದು ನನಗ ಕೊಡ್ರಿ, ಬಾಡಿಗಿ ಹೊಡ್ಕೊಂಡು ತಿಂತೀನಿ' ಅಂದ. ಪುಕ್ಕಟೆ ಕೇಳಲಿಲ್ಲ, ರೇಟಿಗೆ ಕೇಳಿದ. 'ನಿನಗ್ಯಾಕೋ ಕಾರು?' ಅಂದರು. ಅಷ್ಟೇ. ಕಾರನ್ನು ದನದ ಕೊಟ್ಟಿಗೆಯಲ್ಲಿ ನಿಲ್ಲಿಸಿದರು. ಡ್ರೈವರನಿಗೆ ಮಾರುವುದಕ್ಕಿಂತ ಕೊಳೆಯಲು ಬಿಡುವುದು ಲೇಸು ಅನ್ನಿಸಿತು ಅವರಿಗೆ. ಇಪ್ಪತ್ತೆಂಟು ವರ್ಷ ಅದು ಅಲ್ಲೇ ಕೊಳೆಯಿತು. ಅಪ್ಪ ಅಷ್ಟು ದಿನ ಕಾಯಲಿಲ್ಲ, 2009ರಲ್ಲಿ ಹೋಗಿಬಿಟ್ಟ. 2019ರಲ್ಲಿ ಮೊಮ್ಮಕ್ಕಳು ಕೊಟ್ಟಿಗೆ ಕೆಡವಿ ಜಾಗ ಮಾರುವಾಗ ಗುಜರಿಯವನನ್ನು ಕರೆದಿದ್ದರು. ಗುಜರಿಯವನಿಗಿಂತ ಒಂದು ಸಾವಿರ ಹೆಚ್ಚು ಕೊಟ್ಟು ನಾನು ಎಳೆಸಿಕೊಂಡು ಬಂದೆ.

ಹಳೇ ದಾಂಡೇಲಿಯ ನಮ್ಮ ಮನೆಯ ಬಾಜೂಕ ಒಂದು ಶೆಡ್ಡು, ಎರಡು ಮಗ್ಗಲು ಗೋಡೆ, ಎರಡು ಮಗ್ಗಲು ತಗಡು. ನಾನು ಜೋಯಿಡಾ ತಾಲೂಕಿನಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರ. ಶನಿವಾರ ಮಧ್ಯಾಹ್ನ, ರವಿವಾರ, ರಜೆ ಎಲ್ಲ ಆ ಶೆಡ್ಡಿಗೆ ಹೋಯಿತು. ನಾಲ್ಕು ವರ್ಷ.

ಈ ಕಾರಿಗೆ ಲಾರಿಯಂತೆ ಬೇರೆ ಚಾಸಿ ಇಲ್ಲ. ತಗಡಿನ ಮೈಯೇ ಅದರ ಎಲುಬು. ಬಾಗಿಲ ಕೆಳಗಿನ ಪಟ್ಟಿಯನ್ನು ಜಂಗು ತಿಂದರೆ ನಡು ಬಾಗುತ್ತದೆ, ಬಾಗಿಲು ಕೂಡುವುದಿಲ್ಲ. ದನದ ಗಂಜಲ ತಗಡಿಗೆ ವಿಷ. ನೆಲವೆಲ್ಲ ಜಾಳಿಗೆಯಾಗಿತ್ತು. ಕೊಳೆತದ್ದನ್ನು ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡಡ್ಡ ಆಂಗಲ್ ಕಬ್ಬಿಣ ಬೆಸೆದು ಬಿಗಿ ಮಾಡಬೇಕು. ಇಲ್ಲವಾದರೆ ಕತ್ತರಿಸಿದ ಕೂಡಲೆ ಕಾರು ಮಡಚಿಕೊಳ್ಳುತ್ತದೆ. ಇದನ್ನೆಲ್ಲ ಹೇಳಿಕೊಟ್ಟವರು ಅಪ್ಪನಿಗೂ ಪಾನಾ ಹಿಡಿಸಿದ ನಮ್ಮೂರ ಉಸ್ತಾದರು. ಈಗ ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಜಾತಿ ಕೇಳದೆ ಪಾನಾ ಕೊಟ್ಟವರು ಅವರು. ಎಲ್ಲ ಗ್ಯಾರೇಜಿಗೂ ಈ ಮಾತು ಹೊಂದುವುದಿಲ್ಲ. ತೊಳೆಯುವುದು, ಅಡಿಗೆ ತೂರಿ ಗ್ರೀಸು ಹಚ್ಚುವುದು ನಮ್ಮ ಹುಡುಗರಿಗೆ, ಎಂಜಿನ್ ಬಿಚ್ಚುವುದು ಬೇರೆಯವರಿಗೆ ಎಂಬ ಪಾಲು ಅನೇಕ ಕಡೆ ಇತ್ತು.

ಎಂಜಿನ್ ಹಿಡಿದುಬಿಟ್ಟಿತ್ತು. ಪ್ಲಗ್ಗಿನ ತೂತುಗಳಿಂದ ಡೀಸೆಲ್ ಹಾಕಿ, ಎರಡು ವಾರ ಬಿಟ್ಟು, ಮುಂದಿನಿಂದ ಹ್ಯಾಂಡಲ್ ತೂರಿಸಿ ನಾಲ್ಕು ಜನ ಜೋತುಬಿದ್ದಾಗ ಒಂದಿಷ್ಟು ಕದಲಿತು. 1489 ಸಿಸಿಯ ನಾಲ್ಕು ಸಿಲಿಂಡರ್. ಬ್ಲಾಕನ್ನು ಹುಬ್ಬಳ್ಳಿಗೆ ಒಯ್ದು ಬೋರ್ ಮಾಡಿಸಿದೆ. ಪಿಸ್ಟನ್ನು ಹುಡುಕಲು ಕೊಲ್ಕತ್ತಾದ ಮಲ್ಲಿಕ್ ಬಜಾರದವರೆಗೆ ಫೋನು ಹೋಯಿತು.

ಇಲ್ಲಿ ಮಾಸ್ತರ ಬಳಗಕ್ಕೆ ಒಂದು ಮಾತು. ಅಂಬಾಸಿಡರ್‌ನ ನಟ್ಟು ಬೋಲ್ಟೆಲ್ಲ ಇಂಚಿನ ಲೆಕ್ಕ. ನಮ್ಮ ಶಾಲೆಯಲ್ಲಿ ಸಿದ್ಧಿ, ಗೌಳಿ, ಕುಣಬಿ ಮಕ್ಕಳಿದ್ದಾರೆ, ಮನೆಯಲ್ಲಿ ಕನ್ನಡವಲ್ಲದ ಮಕ್ಕಳು. ಭಿನ್ನರಾಶಿ ಎಂದರೆ ಕಣ್ಣು ಕಣ್ಣು ಬಿಡುತ್ತಿದ್ದವು. ಒಂದು ದಿನ ಪಾನಾಗಳ ಗಂಟನ್ನೇ ಶಾಲೆಗೆ ಒಯ್ದೆ. ಏಳು-ಹದಿನಾರು ದೊಡ್ಡದೋ, ಅರ್ಧ ದೊಡ್ಡದೋ? ಒಂಬತ್ತು-ಹದಿನಾರು ಎಲ್ಲಿ ಕೂರಬೇಕು? ಬೋಲ್ಟು ಕೈಗೆ ಕೊಟ್ಟು ಹೊಂದಿಸಿ ನೋಡಿರೆಂದೆ. ಅರ್ಧ ತಾಸಿನಲ್ಲಿ ಹುಡುಗಿಯೊಬ್ಬಳು 'ಅರ್ಧ ಅಂದ್ರ ಎಂಟು-ಹದಿನಾರು ಅಲ್ಲೇನ್ರಿ ಸರ?' ಅಂದಳು. ಪಠ್ಯಪುಸ್ತಕದ ಅರ್ಧ ರೊಟ್ಟಿ ಮಾಡದ ಕೆಲಸವನ್ನು ಜಂಗು ಹಿಡಿದ ಪಾನಾ ಮಾಡಿತು. ಸಿಲಿಂಡರಿಗೆ ಕಿಡಿ ಬೀಳುವ ಕ್ರಮವನ್ನೂ ಹಾಡಿನಂತೆ ಕಲಿತರು: ಒಂದು, ಮೂರು, ನಾಲ್ಕು, ಎರಡು. ನಿಂತ ಸಾಲು ಬೇರೆ, ದುಡಿಯುವ ಸಾಲು ಬೇರೆ.

ಕೆಲಸ ಅರ್ಧಕ್ಕೆ ಬಂದಾಗ ಹಳೇ ಕಾರುಗಳ ಶೋಕಿಯ ಗೃಹಸ್ಥರೊಬ್ಬರು ಶೆಡ್ಡಿಗೆ ಬಂದರು. 'ಮಾಸ್ತರ, ಏನೂ ಬದಲು ಮಾಡಬ್ಯಾಡ್ರಿ. ಒರಿಜಿನಲ್ ಇದ್ರನ ಅದಕ್ಕ ಮಾನ.' 2021ರ ಜುಲೈನಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳ ನಿಯಮ ತಂದಿತ್ತು. ಐವತ್ತು ವರ್ಷ ದಾಟಿದ, ಮೂಲ ಸ್ವರೂಪ ಕೆಡದ ಗಾಡಿಗೆ ಬೇರೆ ನೋಂದಣಿ, ಬೇರೆ ನಂಬರು. ಆದರೆ ಅದನ್ನು ದಿನಬಳಕೆಗೆ ರಸ್ತೆಗೆ ತರುವಂತಿಲ್ಲ. ಮೂಲ ಸ್ವರೂಪ ಉಳಿಸಿಕೋ, ಗೌರವ ಪಡೆ, ಓಡಾಡಬೇಡ! ನಮ್ಮ ಜನಕ್ಕೆ ಈ ಉಪದೇಶ ಕಾರು ಹುಟ್ಟುವ ಎಷ್ಟೋ ಮೊದಲಿನಿಂದ ಪರಿಚಯ.

ಬಣ್ಣ ಕೆರೆಯುವಾಗ ಬಿಳಿಯ ಕೆಳಗೆ ಕೆನೆ ಬಣ್ಣ, ಅದರ ಕೆಳಗೆ ಕಾರ್ಖಾನೆಯ ಬೂದು ಬಣ್ಣ ಸಿಕ್ಕಿತು. ಸಾವ್ಕಾರರಿಗೆ ಚುನಾವಣೆಯ ಹುಚ್ಚು ಹಿಡಿದ ವರ್ಷ ಬಿಳಿ ಹೊಡೆಸಿದ್ದರಂತೆ. ಬಿಳಿ ಅಂಬಾಸಿಡರ್ ಅಂದರೆ ಅರ್ಧ ಮಂತ್ರಿ. ಮಂತ್ರಿಗಳ ಕಾರಿನ ಕೆಂಪು ದೀಪವನ್ನು 2017ರ ಮೇ 1ರಿಂದ ತೆಗೆಸಿದರು, ಬಿಳಿಯ ಗತ್ತು ಹೋಗಿರಲಿಲ್ಲ. 'ಈ ಮೂರರಾಗ ಒರಿಜಿನಲ್ ಯಾವುದ್ರಿ?' ಅಂದೆ. ಗೃಹಸ್ಥರು ನಕ್ಕು ಹೋದರು.

ನಾನು ನೀಲಿ ಹೊಡೆದೆ. ನೀಲಿ ಯಾಕೆಂದು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ದಾಂಡೇಲಿಯ ಮಳೆಗಾಲದ ಹಸಿ ಗಾಳಿಯಲ್ಲಿ ಹಳೇ ನಮೂನೆಯ ಬಣ್ಣ ಆರುವಾಗ ಬೂಸ್ಟು ಹಿಡಿದಂತೆ ಬೆಳ್ಳಗಾಗುತ್ತದೆ. ಅದಕ್ಕೆ ಮಾಘದ ಬಿಸಿಲಿನ ತನಕ ಕಾದೆ. ಬಣ್ಣ ಬದಲಿಸಿದರೆ ಆರ್‌ಸಿಯಲ್ಲಿ ಬರೆಸಬೇಕು, ಬರೆಸಿದೆ. ನಾನು ಶೆಡ್ಡಿನಲ್ಲಿರುವಾಗಲೇ, 2022ರ ಏಪ್ರಿಲ್‌ನಿಂದ, ಹಳೇ ಕಾರಿನ ನೋಂದಣಿ ಮುಂದುವರಿಸುವ ಶುಲ್ಕ 600 ರೂಪಾಯಿಯಿಂದ 5000ಕ್ಕೆ ಏರಿತು. ದಳ್ಳಾಳಿಗಳ ಕತೆ ಹೇಳಿದರೆ ಪತ್ರಿಕೆಯ ಪುಟ ಸಾಲದು.

ಈ ಕಡೆ ಅಂಬಾಸಿಡರಿಗೆ ಮೆಟಡಾರ್‌ನ ಡೀಸೆಲ್ ಎಂಜಿನ್ ಕೂರಿಸುವ ರೂಢಿ ಇತ್ತು. ನಾನು ಅದನ್ನು ಮಾಡಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡ ಬರುತ್ತದೆ. ಮತ್ತೆ, ಅಪ್ಪ ಕಿವಿಗೊಟ್ಟು ಕೇಳುತ್ತಿದ್ದ ಎಂಜಿನ್ ಅದು. ಜೀವಕ್ಕೆ ಬೇಕಾದದ್ದನ್ನು ಮಾತ್ರ ಬದಲಿಸಿದೆ. ಹಳೇ ಡೈನಮೋ ಎಂಜಿನ್ ಮೆಲ್ಲಗೆ ತಿರುಗುವಾಗ ಚಾರ್ಜ್ ಕೊಡುವುದಿಲ್ಲ. ಜೋಯಿಡಾದ ಮಳೆರಾತ್ರಿಯಲ್ಲಿ ದೀಪ ಮತ್ತು ವೈಪರ್ ಎರಡೂ ಒಟ್ಟಿಗೆ ನಡೆಯದೆ ಅಪ್ಪ ತಲೆ ಹೊರಗೆ ಹಾಕಿ ಓಡಿಸುತ್ತಿದ್ದ, ಒಳಗೆ ಸಾವ್ಕಾರರು ನಿದ್ದೆ ಹೊಡೆಯುತ್ತಿದ್ದರು. ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಿದೆ. ಮುಂದಿನ ಗಾಲಿಗಳಿಗೆ ಕೊನೆಕೊನೆಯ ಅಂಬಾಸಿಡರ್‌ಗಳಲ್ಲಿ ಬಂದ ಡಿಸ್ಕ್ ಬ್ರೇಕು. ಗಣೇಶಗುಡಿಯ ಇಳಿಜಾರಿನಲ್ಲಿ ಹಳೇ ಡ್ರಮ್ಮು ಕಾದರೆ ಪೆಡಲ್ಲು ನೆಲ ಮುಟ್ಟುತ್ತದೆ. ಸೀಟ್ ಬೆಲ್ಟೂ ಹಾಕಿದೆ.

ಮುಂದಿನ ಉದ್ದ ಸೀಟನ್ನು ತೆಗೆದು ಎರಡು ಬಿಡಿ ಸೀಟು ಹಾಕಿ, ಗೇರನ್ನು ನೆಲಕ್ಕೆ ಇಳಿಸಿ ಅಂತ ಎಲ್ಲರೂ ಹೇಳಿದರು. ಮಾರ್ಕ್ ಟೂನ ಗೇರು ಸ್ಟೇರಿಂಗಿನ ಪಕ್ಕದಲ್ಲೇ ಇರುವುದರಿಂದ ಮುಂದೆ ಒಂದೇ ಉದ್ದ ಸೀಟು, ಒಂದೇ ಪಂಕ್ತಿ. ಅದನ್ನು ಮುಟ್ಟಲಿಲ್ಲ. ಹಳಿಯಾಳದಿಂದ ಕಾಕಾ ಬಂದು ಆ ಸೀಟು ಹೊಲಿದುಕೊಟ್ಟ. ಮಷಿನ್ನಿನ ಸೂಜಿ ಹೋಗದ ಮೂಲೆಗಳಿಗೆ ಅಜ್ಜನ ಆರಿ, ರಂಪಿಗೆ ಹೊರಬಂದವು. ಅಜ್ಜ ಊರಿಗೆಲ್ಲ ಮೆಟ್ಟು ಹೊಲಿದವ, ತಾನು ಮೆಟ್ಟಿಕೊಂಡು ಗೌಡರ ಓಣಿ ದಾಟಿದವನಲ್ಲ. ಹೊಲಿಗೆ ಮುಗಿದ ಮೇಲೆ ಕಾಕಾ ಸೀಟಿನ ಕೆಳಗೆ ನೆಲದ ಮೇಲೆ ಕೂತು ಚಾ ಕುಡಿಯುತ್ತಿದ್ದ.

'ಕಾಕಾ, ಮ್ಯಾಲ ಕುಂದ್ರೋ.'

'ಹೊಲ್ದಾಂವ ಕುಂದ್ರೂ ವಸ್ತು ಅಲ್ಲಪಾ ಇದು, ಹೊಲಿಸಿದಾಂವ ಕುಂದ್ರೂದು.'

'ಹೊಲಿಸಿದಾಂವ ನಾನ. ಕುಂದ್ರು ಅಂತೀನಿ.'

ಕಪ್ಪು ಹಿಡಿದುಕೊಂಡೇ ಎದ್ದು ಕೂತ. ಎರಡು ಸಲ ಸ್ಪ್ರಿಂಗು ಅದುಮಿ ನೋಡಿದ. 'ಎಡಕ್ಕ ಒಂಚೂರು ನಾರು ಕಡಿಮಿ ಬಿದ್ದೈತಿ' ಅಂದವನೇ ಇಳಿದು ಮತ್ತೆ ಬಿಚ್ಚಿದ. ಕೂರದೆ ಹೊಲಿದವನಿಗೆ ತನ್ನ ಹೊಲಿಗೆ ಹೇಗಿದೆ ಎಂದು ಹೇಗೆ ತಿಳಿಯಬೇಕು?

2023ರಲ್ಲಿ ಗಾಡಿ ರಸ್ತೆಗೆ ಬಂತು. ಅವ್ವನನ್ನು ಹಿಂದಿನ ಸೀಟಿಗೆ ಕರೆದೆ. ನನಗೆ ಆ ಸೀಟಿನ ಮೇಲೆಯೇ ಸಿಟ್ಟು, ಅಲ್ಲೇ ಅವಳನ್ನು ಕೂರಿಸಬೇಕೆಂಬ ಹಟ. ಅವ್ವ ಒಲ್ಲೆ ಅಂದಳು. 'ಹಿಂದ ಕುಂತು ನಾ ಯಾರಿಗೆ ಸಾವ್ಕಾರ್ತಿ ಆಗ್ಲಿ? ಮುಂದ ಕುಂದ್ರತೀನಿ, ನಿಮ್ಮಪ್ಪನ ಜಾಗಾದ ಬಾಜೂಕ.' ಮಗಳನ್ನೂ ನಡುವೆ ಎಳೆದುಕೊಂಡಳು. ಮೂವರೂ ಮುಂದೆ ಕೂತು ಹಳಿಯಾಳ, ಕಲಘಟಗಿ ದಾಟಿ ಮುಂಡಗೋಡಿನ ಅಕ್ಕನ ಮನೆಗೆ ಹೋದೆವು. ಹಿಂದಿನ ಸೀಟಿನಲ್ಲಿ ಅಕ್ಕನಿಗೆಂದು ಒಯ್ದ ಒಂದು ಚೀಲ ಅಕ್ಕಿ, ಎರಡು ಹಲಸಿನ ಹಣ್ಣು. ದಾರಿಯಲ್ಲಿ ಚಾಕ್ಕೆ ನಿಲ್ಲಿಸಿದಾಗ ಮುದುಕನೊಬ್ಬ ಕಟ್ಟೆಯಿಂದ ಎದ್ದು ನಿಂತು ಹಿಂದಿನ ಕಿಟಕಿಯಲ್ಲಿ ಬಗ್ಗಿ ನೋಡಿದ, ಹಲಸಿನ ಹಣ್ಣು ಕಂಡು ಮತ್ತೆ ಕೂತ. ಅವ್ವ ಮುಂಡಗೋಡಿನ ತನಕ ನಕ್ಕಳು.

ಈಗ ಅದು ದಿನಾ ಶಾಲೆಗೆ ಬರುತ್ತದೆ. ಮಳೆ ಹೆಚ್ಚಾದ ದಿನ ದೂರದ ಕೇರಿಯ ಮಕ್ಕಳನ್ನು ಬಿಟ್ಟು ಬರುತ್ತದೆ. ಮುಂದಿನ ಸೀಟಿಗೇ ಜಗಳ. ಸೆಕೆಂಡ್ ಗೇರಿನಲ್ಲಿ ಒಂದು ಕೊಂಯ್ ಅನ್ನುವ ಸದ್ದು ಇನ್ನೂ ಹೋಗಿಲ್ಲ. ಉಸ್ತಾದರು ದೂರದಿಂದಲೇ ಕೇಳಿ 'ಬೇರಿಂಗ್' ಅಂದಿದ್ದಾರೆ. ದಸರಾ ರಜೆಯಲ್ಲಿ ಗೇರ್‌ಬಾಕ್ಸ್ ಇಳಿಸಬೇಕು.