ಜಾರ್ ಒಳಗೊಂದು ಜಾರ್

2021ರ ಡಿಸೆಂಬರ್ 10, ಶುಕ್ರವಾರ. ಲಾಗ್‌ಫೋರ್‌ಜೆಯಲ್ಲಿ ದೊಡ್ಡ ದೋಷ ಸಿಕ್ಕಿದೆಯೆಂಬ ಸುದ್ದಿ ಬೆಳಗ್ಗೆಯೇ ನಮ್ಮ ಟೀಮಿನ ಗ್ರೂಪಿಗೆ ಬಂತು. ನಾನಾಗ ಹೊರದೇಶದ ವಿಮಾ ಕಂಪನಿಯೊಂದರ ಬೆಂಗಳೂರು ಕೇಂದ್ರದಲ್ಲಿದ್ದೆ. ಕೋವಿಡ್ ಕಾಲ, ಎಲ್ಲರದೂ ಮನೆಯಿಂದಲೇ ಕೆಲಸ.

ಲಾಗ್‌ಫೋರ್‌ಜೆ ಎಂಬುದು ಜಾವಾದಲ್ಲಿ ಬರೆದ ಅಪ್ಲಿಕೇಶನ್‌ಗಳು ತಮ್ಮೊಳಗೆ ಏನೇನು ನಡೆಯಿತೆಂದು ದಾಖಲಿಸಿಕೊಳ್ಳುವುದಕ್ಕೆ ಬಳಸುವ ಉಚಿತ ಲೈಬ್ರರಿ. ಅಪಾಚೆ ಫೌಂಡೇಶನ್ನಿನ ಕೆಲವೇ ಸ್ವಯಂಸೇವಕರು ಅದನ್ನು ನೋಡಿಕೊಳ್ಳುತ್ತಾರೆ. ಲಾಗಿನ್ ಹೆಸರು ಕೇಳುವ ಜಾಗದಲ್ಲಿ ಯಾರಾದರೂ ಕಿಡಿಗೇಡಿ ಒಂದು ವಿಶೇಷ ಸಾಲು ಬರೆದು ಕಳಿಸಿದರೆ, ಅದನ್ನು ದಾಖಲಿಸಲು ಹೋದ ಲೈಬ್ರರಿ ಆ ಕಿಡಿಗೇಡಿಯ ಸರ್ವರಿನಿಂದಲೇ ಕೋಡ್ ತಂದು ಓಡಿಸಿಬಿಡುತ್ತಿತ್ತು. ಗಂಭೀರತೆಗೆ ಕೊಟ್ಟಿದ್ದ ಅಂಕ ಹತ್ತಕ್ಕೆ ಹತ್ತು. ಪರಿಹಾರವೇನೋ ಸುಲಭ: ಹೊಸ ಆವೃತ್ತಿ ಹಾಕುವುದು. ಎಲ್ಲಿ ಹಾಕಬೇಕೆಂದು ಗೊತ್ತಿರಬೇಕು, ಅಷ್ಟೇ.

ಸಂಜೆಯ ಕಾಲ್‌ನಲ್ಲಿ ಮೇಲಿನವರು ಕೇಳಿದ್ದು ಒಂದೇ ಪ್ರಶ್ನೆ: "ನಮ್ಮಲ್ಲಿ ಇದು ಎಲ್ಲೆಲ್ಲಿದೆ?" ಯಾರೂ ಮ್ಯೂಟ್ ತೆಗೆಯಲಿಲ್ಲ.

ಪಟ್ಟಿ ಇರಲಿಲ್ಲವೆಂದಲ್ಲ. ಎರಡೆರಡಿದ್ದವು. ಹಿಂದೆ ಎರಡು ಕಂಪನಿಗಳು ಸೇರಿ ಒಂದಾಗಿದ್ದವು, ಪಟ್ಟಿಗಳು ಮಾತ್ರ ಒಂದಾಗಿರಲಿಲ್ಲ. ಒಂದೇ ಅಪ್ಲಿಕೇಶನ್ನಿಗೆ ಇಲ್ಲೊಂದು ಹೆಸರು, ಅಲ್ಲೊಂದು ಹೆಸರು. 'ಮಾಲೀಕರು' ಎಂಬ ಕಾಲಮ್ಮಿನಲ್ಲಿದ್ದವರಿಗೆ ಮೇಲ್ ಹಾಕಿದರೆ ಅರ್ಧಕ್ಕರ್ಧ ವಾಪಸ್ ಬಂದವು. ಅವರೆಲ್ಲ ಕೆಲಸ ಬಿಟ್ಟು ವರ್ಷಗಳಾಗಿದ್ದವು. ಆಡಿಟ್‌ಗೆಂದು ತುಂಬಿಸಿದ ಎಕ್ಸೆಲ್ ಆಡಿಟ್ ಮುಗಿಯುವವರೆಗೆ ಮಾತ್ರ ನಿಜವಾಗಿರುತ್ತದೆ ಎಂದು ನನಗೆ ಮೊದಲಿಂದಲೂ ಅನುಮಾನವಿತ್ತು.

ಸರಿ, ಸರ್ವರುಗಳಲ್ಲೇ ಹುಡುಕೋಣವೆಂದು ಹೊರಟೆವು. ಜಾವಾ ಪ್ರೋಗ್ರಾಮುಗಳನ್ನು ಕಟ್ಟಿಡುವ ಫೈಲಿಗೆ ಜಾರ್ ಎನ್ನುತ್ತೇವೆ. ಲಾಗ್‌ಫೋರ್‌ಜೆ ಹೆಸರಿನ ಜಾರ್ ಹುಡುಕಿದರೆ ಕೆಲವು ಸಿಕ್ಕವು. ಖುಷಿಪಡುವ ಹೊತ್ತಿಗೆ ಗೆಳತಿಯೊಬ್ಬಳು ಒಂದು ದೊಡ್ಡ ಜಾರ್ ಬಿಚ್ಚಿ ತೋರಿಸಿದಳು. ಅದರೊಳಗೆ ಇನ್ನೊಂದು ಜಾರ್, ಅದರೊಳಗೆ ಮತ್ತೊಂದು, ಅದರ ಹೊಟ್ಟೆಯಲ್ಲಿ ಲಾಗ್‌ಫೋರ್‌ಜೆ. ಅಪ್ಲಿಕೇಶನ್ ಬರೆದವರು ಅದನ್ನು ಕೇಳಿಯೇ ಇರಲಿಲ್ಲ. ಅವರು ತಂದುಕೊಂಡದ್ದು ವರದಿ ಮುದ್ರಿಸುವ ಲೈಬ್ರರಿ; ಅದು ತನಗೆ ಬೇಕಾದವರನ್ನು ತಾನೇ ಕರೆತಂದಿತ್ತು. ನಮ್ಮೊಬ್ಬರ ಪಾಡಲ್ಲ ಇದು: ಮಾವೆನ್ ಸೆಂಟ್ರಲ್ ಎಂಬ ಸಾರ್ವಜನಿಕ ಭಂಡಾರದಲ್ಲಿ 35,000ಕ್ಕೂ ಹೆಚ್ಚು ಪ್ಯಾಕೇಜುಗಳು ಈ ದೋಷಕ್ಕೆ ಸಿಕ್ಕಿವೆಯೆಂದೂ ಬಹುಪಾಲು ಹೀಗೆ ಪರೋಕ್ಷವಾಗಿಯೇ ಎಂದೂ ಗೂಗಲ್‌ನವರು ಆಗ ಲೆಕ್ಕ ಕೊಟ್ಟರು. ಹೊರಗಿನಿಂದ ಕೊಂಡ ಸಾಫ್ಟ್‌ವೇರ್ ಮಾರಿದವರನ್ನು ಕೇಳಿದರೆ, "ಪರಿಶೀಲಿಸುತ್ತಿದ್ದೇವೆ" ಎಂಬ ಒಂದೇ ಉತ್ತರ.

ಆದರೆ ನನ್ನನ್ನು ಹಣ್ಣುಮಾಡಿದ್ದು ಹುಡುಕಾಟವಲ್ಲ, ಆಮೇಲಿನದು. ಆವೃತ್ತಿ ಬದಲಿಸಿದರೆ ಅಪ್ಲಿಕೇಶನ್ ನಿಲ್ಲಿಸಿ ಮತ್ತೆ ಶುರುಮಾಡಬೇಕು. ಅದು ನಿಂತಾಗ ಅದನ್ನು ನಂಬಿಕೊಂಡ ಬೇರೆ ಯಾವುದು ಬೀಳುತ್ತದೆ? ಪಾಲಿಸಿ ಪತ್ರ ಮುದ್ರಿಸುವ ಸರ್ವರ್ ನನ್ನ ಪಾಲಿಗೆ ಬಂದಿತ್ತು. ಅದಕ್ಕೆ ಯಾರು ಯಾರು ಬಂದು ತಾಗುತ್ತಾರೆಂದು ನೆಟ್‌ವರ್ಕ್ ದಾಖಲೆ ನೋಡಿ ಹಾಳೆಯ ಮೇಲೆ ಗೆರೆ ಎಳೆಯುತ್ತ ಕೂತೆ. ರಾತ್ರಿಯ ಬ್ಯಾಚ್ ಸಿಕ್ಕಿತು, ಕ್ಲೇಮ್ ವಿಭಾಗ ಸಿಕ್ಕಿತು. ಒಂದು ಫೋಲ್ಡರ್ ಮಾತ್ರ ಅರ್ಥವಾಗಲಿಲ್ಲ. ದಿನವೂ ಅದರಲ್ಲಿ ಒಂದು ಫೈಲ್ ಬಂದು ಬೀಳುತ್ತಿತ್ತು, ಓದುವವರೇ ಇಲ್ಲ.

ಆ ಸಿಸ್ಟಮ್ ಕಟ್ಟಿದ ಹಿರಿಯರು ನಿವೃತ್ತರಾಗಿ ಮೈಸೂರಿನಲ್ಲಿದ್ದರು. ನಂಬರ್ ಹುಡುಕಿ ಫೋನ್ ಮಾಡಿದೆ.

"ಸರ್, ಆ ಫೋಲ್ಡರ್ ಯಾರೂ ಬಳಸೋ ಹಾಗೆ ಕಾಣಲ್ಲ. ಹೊಸ ಆವೃತ್ತಿ ಹಾಕೋವಾಗ ತೆಗೆದುಬಿಡ್ಲಾ?"

"ಅಯ್ಯೋ, ಬೇಡಮ್ಮಾ! ಕ್ವಾರ್ಟರ್ ಮುಗಿದ ರಾತ್ರಿ ಕಮಿಷನ್ ಸಿಸ್ಟಮ್ ಬಂದು ಎಲ್ಲಾ ಒಟ್ಟಿಗೆ ಎತ್ಕೊಂಡು ಹೋಗತ್ತೆ. ಏಜೆಂಟರಿಗೆ ದುಡ್ಡು ಹೋಗೋದೇ ಅದರಿಂದ."

"ಎಲ್ಲಾದ್ರೂ ಬರೆದಿಟ್ಟಿದ್ರಾ ಸರ್?"

"ಬರೆದಿದ್ದೆ. ಹಳೇದು ಅಂತ ಆ ಪೇಜನ್ನೇ ಯಾರೋ ತೆಗೆದ್ರಂತೆ."

ಮೂರು ತಿಂಗಳಿಗೊಮ್ಮೆ ಬರುವ ಅತಿಥಿ ನನ್ನ ನಾಲ್ಕು ದಿನದ ದಾಖಲೆಯಲ್ಲಿ ಕಾಣುವುದಾದರೂ ಹೇಗೆ? ಡಿಸೆಂಬರ್ 31ಕ್ಕೆ ಕ್ವಾರ್ಟರ್ ಮುಗಿಯುವುದಿತ್ತು.

ಅತ್ತ ಲಾಗ್‌ಫೋರ್‌ಜೆಯವರಿಗೂ ಪುರುಸೊತ್ತಿರಲಿಲ್ಲ. ಮೊದಲು 2.15.0 ಬಂತು. ಅದೂ ಸಾಲದೆಂದು 2.16.0, ಮತ್ತೊಂದು ದೋಷಕ್ಕೆ 2.17.0, ವರ್ಷದ ಕೊನೆಯ ವಾರ 2.17.1. ಪ್ರತಿ ಸಲವೂ ಅದೇ ಸರ್ವರುಗಳು, ಅದೇ ಅನುಮತಿ, ಅದೇ ನಡುರಾತ್ರಿಯ ರೀಸ್ಟಾರ್ಟ್. ಕ್ರಿಸ್‌ಮಸ್ ರಜೆಗೆ ಹೋದ ವಿದೇಶಿ ಮ್ಯಾನೇಜರುಗಳನ್ನು ಎಬ್ಬಿಸಿ ಒಪ್ಪಿಗೆ ಪಡೆಯುವುದೂ ನಮ್ಮದೇ ಕೆಲಸ. ನಿದ್ದೆಗೆಟ್ಟು ಕಣ್ಣು ಉರಿಯುತ್ತಿತ್ತು. ಅಡುಗೆಮನೆಯಿಂದ ಅಮ್ಮ ಕರೆದರೂ "ಹತ್ತೇ ನಿಮಿಷ" ಎನ್ನುವುದು ರೂಢಿಯಾಗಿಬಿಟ್ಟಿತು. ಆದರೂ ಮೊದಲ ಸಲಕ್ಕಿಂತ ಕೊನೆಯ ಸಲ ಬೇಗ ಮುಗಿಯಿತು. ಅಷ್ಟರಲ್ಲಿ ನಮ್ಮ ಗೆರೆಗಳ ಹಾಳೆ ಭರ್ತಿಯಾಗಿತ್ತು.

ಮರುವರ್ಷ ಕಂಪನಿ ದುಬಾರಿ ಟೂಲ್ ಕೊಂಡಿತು. ಪರದೆಯ ತುಂಬ ಚುಕ್ಕಿ, ಗೆರೆ. ಯಾವುದು ಯಾವುದನ್ನು ಮಾತಾಡಿಸುತ್ತದೆಂದು ತಾನೇ ಕಂಡುಹಿಡಿದು ಬಿಡಿಸುತ್ತದೆ. ಒಳ್ಳೆಯದೇ. ಕಮಿಷನ್ನಿನ ಗೆರೆಯನ್ನು ಮಾತ್ರ ನಾವೇ ಕೈಯಲ್ಲಿ ಸೇರಿಸಬೇಕಾಯಿತು. ಸೇರಿಸುವಾಗ ಮಾಲೀಕರ ಹೆಸರು ಕೊಡದೆ ಟೂಲ್ ಮುಂದೆ ಬಿಡುವುದಿಲ್ಲ. ಆ ಫೋಲ್ಡರ್ ತಮ್ಮದಲ್ಲವೆಂದು ಹಣಕಾಸಿನವರು, ತಮ್ಮದಂತೂ ಅಲ್ಲವೇ ಅಲ್ಲವೆಂದು ಮುದ್ರಣದವರು. ನಾನು ಆ ಕಂಪನಿ ಬಿಡುವವರೆಗೂ ಈ ಜಗಳ ನಡೆದೇ ಇತ್ತು.