ಆಕಾಶದಾಗಿನ ಕೂರಿಗಿ

ಹೋಗ್ಸ್ ಆಬ್ಜೆಕ್ಟ್ ಅಂತ ಒಂದು ಗ್ಯಾಲಕ್ಸಿ ಇದೆ. 1950ರಲ್ಲಿ ಆರ್ಥರ್ ಹೋಗ್ ಅನ್ನೋ ಖಗೋಳ ವಿಜ್ಞಾನಿ ಕಂಡುಹಿಡಿದದ್ದು. ನಮ್ಮಿಂದ ಸುಮಾರು 60 ಕೋಟಿ ಜ್ಯೋತಿರ್ವರ್ಷ ದೂರ. ಹಬಲ್ ತೆಗೆದ ಅದರ ಫೋಟೋ ನೋಡಿದ್ದೀರಾ? ನಡುವೆ ಹಳದಿ ಉಂಡೆ, ಸುತ್ತ ಖಾಲಿ ಜಾಗ, ಅದರಾಚೆ ನೀಲಿ ನಕ್ಷತ್ರಗಳ ಬಳೆ. ಎಲ್ಲರೂ ಅದನ್ನ ಉಂಗುರ ಗ್ಯಾಲಕ್ಸಿ ಅಂತಾರೆ. ನನಗೆ ಮಾತ್ರ ಅದು ಅಪ್ಪಟ ಕನ್ನಡದ ‘ಠ’. ತಲೆಕಟ್ಟು ಒಂದು ಇಲ್ಲ ಅಷ್ಟೇ :-)

ಈ ಚಟ ಒಮ್ಮೆ ಹತ್ತಿದರೆ ಬಿಡೋದಿಲ್ಲ. ಎನ್‌ಜಿಸಿ 1300 ಥೇಟ್ ನಮ್ಮ ಅವಗ್ರಹ ‘ಽ’. ಎಂ101 ನೋಡಿದರೆ ದೀಪಾವಳಿಯ ಚಕ್ಕುಲಿ ನೆನಪಾಗುತ್ತೆ. ಎನ್‌ಜಿಸಿ 4565 ಅನ್ನು ಇಂಗ್ಲಿಷಿನವರು ಸೂಜಿ ಅಂತ ಕರೀತಾರೆ, ಆದರೆ ನಡು ಉಬ್ಬಿರೋದು ನೋಡಿದರೆ ಅದು ಚೀಲ ಹೊಲಿಯೋ ದಬ್ಬಣ. ಎಂ51 ಅಂತೂ ಒತ್ತಕ್ಷರವೇ ಸರಿ, ದೊಡ್ಡ ಸುರುಳಿಯ ತುದಿಗೆ ಇನ್ನೊಂದು ಸಣ್ಣ ಗ್ಯಾಲಕ್ಸಿ ಅಂಟಿಕೊಂಡಿದೆ. 2007ರಲ್ಲಿ ಶುರುವಾದ ಗ್ಯಾಲಕ್ಸಿ ಝೂನಲ್ಲಿ ಸ್ವಯಂಸೇವಕರು ಲಕ್ಷಾಂತರ ಗ್ಯಾಲಕ್ಸಿಗಳನ್ನು ಕಣ್ಣಲ್ಲೇ ನೋಡಿ ವಿಂಗಡಿಸಿದರು. ಹಾಗೆ ನೋಡ್ತಾ ನೋಡ್ತಾ ಇಂಗ್ಲಿಷಿನ 26 ಅಕ್ಷರಗಳಿಗೂ ಗ್ಯಾಲಕ್ಸಿ ಹುಡುಕಿದರು. ನಮ್ಮ ದುಂಡು ಅಕ್ಷರಗಳಿಗೆ ಇದು ಇನ್ನೂ ಸಲೀಸು ಅಂತ ನನ್ನ ನಂಬಿಕೆ.

ಇದೆಲ್ಲ ಮೆದುಳಿನ ಆಟ ಅಂತ ಗೊತ್ತು. ಮೋಡದಲ್ಲಿ ಆನೆ, ಚಂದ್ರನಲ್ಲಿ ಮೊಲ ಕಾಣೋ ಹಾಗೇ ಇದೂ. ಆದರೆ ಯಾರಿಗೆ ಏನು ಕಾಣುತ್ತೆ ಅನ್ನೋದು ಮಾತ್ರ ಸುಮ್ಮನೆ ಬರೋದಲ್ಲ. 1888ರಲ್ಲಿ ಹಾರ್ವರ್ಡ್ ವೀಕ್ಷಣಾಲಯದ ವಿಲಿಯಮಿನಾ ಫ್ಲೆಮಿಂಗ್ ಒಂದು ಗಾಜಿನ ಫೋಟೋ ಫಲಕದಲ್ಲಿ ಕಪ್ಪು ಗುರುತೊಂದನ್ನು ಗಮನಿಸಿದರು. ಹೊಳೆಯೋ ಜಲಜನಕದ ಮುಂದೆ ಅಡ್ಡ ನಿಂತ ದೂಳಿನ ಮೋಡ ಅದು. ಅದಕ್ಕೆ ಉಳಿದ ಹೆಸರು ಕುದುರೆ ತಲೆ ನೀಹಾರಿಕೆ. ಬೀದಿ ತುಂಬ ಕುದುರೆಗಳಿದ್ದ ಕಾಲ, ಕುದುರೆಯೇ ಕಂಡಿತು. ಲಾರ್ಡ್ ರಾಸ್ 1840ರ ದಶಕದಲ್ಲಿ ಬರೆದ ಚಿತ್ರದಿಂದ ಇನ್ನೊಂದಕ್ಕೆ ಏಡಿ ಅಂತ ಹೆಸರು ಬಂತು. ಮುಂದೆ ಅವರೇ ದೊಡ್ಡ ದೂರದರ್ಶಕದಲ್ಲಿ ನೋಡಿದಾಗ ಏಡಿ ಮಾಯ! ಹೆಸರು ಮಾತ್ರ ಇವತ್ತಿಗೂ ಏಡಿಯೇ.

ಆ ಕುದುರೆ ತಲೆ ಇರೋದು ಸಾಲಾಗಿ ನಿಂತ ಮೂರು ಚುಕ್ಕಿಗಳ ಹತ್ತಿರ, ಒರಾಯನ್ ಬೇಟೆಗಾರನ ನಡುಪಟ್ಟಿಯಲ್ಲಿ. ಹಿಂದಿನವರು ಅಲ್ಲೇ ಮೇಲೆ ಜಿಂಕೆಯ ತಲೆ ಕಂಡು ಮೃಗಶಿರ ಅಂದರು. ನಮ್ಮ ಸುಳ್ಳದಲ್ಲಿ ಅದು ‘ಮಿರಗ’, ಜೂನ್ ಮೊದಲ ವಾರ ಕಳೀತಿದ್ದಂಗೆ ಬರೋ ಮಳೆ. ತಮಾಷೆ ಅಂದರೆ ಮಿರಗ ಮಳೆ ಬರೋ ದಿನಗಳಲ್ಲಿ ಆ ನಕ್ಷತ್ರ ಕಾಣೋದೇ ಇಲ್ಲ, ಸೂರ್ಯ ಅದರ ಪಕ್ಕದಲ್ಲೇ ಇರ್ತಾನೆ. ಅದು ಚೆನ್ನಾಗಿ ಕಾಣೋದು ಸಂಕ್ರಾಂತಿ ಹೊತ್ತಿಗೆ, ರಾತ್ರಿ ಹತ್ತರ ಸುಮಾರಿಗೆ. ಹೊಲದಲ್ಲಿ ಜೋಳ, ಕಡಲೆ ನಿಂತಿರೋ ಕಾಲ.

ನಮ್ಮ ಅಜ್ಜನಿಗೆ ಅಲ್ಲಿ ಬೇಟೆಗಾರನೂ ಕಾಣಲಿಲ್ಲ, ಜಿಂಕೆಯೂ ಕಾಣಲಿಲ್ಲ. “ಅದು ಕೂರಿಗಿಲೇ ತಮ್ಮಾ, ಮೂರು ತಾಳು ಅದಾವ ನೋಡು. ಕೆಳಗ ಕಾಳು ಉದುರಾಕತ್ತಾವ” ಅಂತಿದ್ದ. ಕೂರಿಗೆ ನೋಡದವರಿಗೆ ಹೇಳ್ತೀನಿ: ಎತ್ತು ಹೂಡಿ ಬಿತ್ತುವ ಸಾಧನ ಅದು. ಮೇಲಿನ ಬಟ್ಟಲಿಗೆ ಮುಷ್ಟಿಯಿಂದ ಕಾಳು ಬಿಡ್ತಾ ಹೋದರೆ ಕೊಳವೆಗಳಲ್ಲಿ ಇಳಿದು ಮೂರು ತಾಳಿನ ಹಿಂದೆ ಮೂರು ಸಾಲಿಗೆ ಬೀಳುತ್ತೆ.

ಅಜ್ಜ ಕಾಳು ಅಂದ ಆ ಮಸುಕು ಚುಕ್ಕಿಗಳ ನಡುವೆಯೇ ಎಂ42 ಇದೆ, ಒರಾಯನ್ ನೀಹಾರಿಕೆ. ಸುಮಾರು 1,300 ಜ್ಯೋತಿರ್ವರ್ಷ ದೂರದಲ್ಲಿ ಅನಿಲ, ದೂಳು ಕುಸಿದು ಗಟ್ಟಿಯಾಗಿ ಹೊಸ ನಕ್ಷತ್ರಗಳು ಹುಟ್ಟುತ್ತಿರೋ ಜಾಗ. ಅಜ್ಜನಿಗೆ ಇದು ಗೊತ್ತಿರಲಿಲ್ಲ. ಅವನು ಹೋದ ಮೇಲೆ ನಾನು ಓದಿ ತಿಳಿದದ್ದು. ಆದರೂ ಬೀಜ ಬಿದ್ದಿರೋದು ಸರಿಯಾದ ಜಾಗಕ್ಕೇ ಅಲ್ಲವೇ?

ಹೋದ ಸಂಕ್ರಾಂತಿಗೆ ಅಕ್ಕನ ಮಗಳನ್ನ ಮಾಳಿಗೆ ಮೇಲೆ ಕರಕೊಂಡು ಹೋಗಿ ಅದೇ ಮೂರು ಚುಕ್ಕಿ ತೋರಿಸಿ, ಏನು ಕಾಣ್ತದ ಅಂತ ಕೇಳಿದೆ. ಒಂದು ಕ್ಷಣವೂ ತಡ ಮಾಡಲಿಲ್ಲ. “ಮಾಮಾ, ಯಾರೋ ಟೈಪ್ ಮಾಡಾಕತ್ತಾರ!” ಮೊಬೈಲಲ್ಲಿ ಆ ಕಡೆಯವರು ಬರೀತಿರುವಾಗ ಕುಣಿಯೋ ಮೂರು ಚುಕ್ಕಿ ಅವಳಿಗೆ ಕಂಡಿದ್ದವು. ಬಿದ್ದು ಬಿದ್ದು ನಕ್ಕೆ. ಕೂರಿಗಿ ಅಂತ ಹೇಳಿದರೆ, “ಹಂಗಂದ್ರ?” ಅಂದಳು. ತೋರಿಸೋಣ ಅಂದರೆ ಮನೆಯಲ್ಲಿ ಎತ್ತೂ ಇಲ್ಲ, ಕೂರಿಗೆಯೂ ಇಲ್ಲ. ಈಗ ಬಾಡಿಗೆ ಟ್ರ್ಯಾಕ್ಟರ್ ಬಂದು ಬಿತ್ತಿ ಹೋಗುತ್ತೆ.

ಅವಳಿಗೆ ಕಂಡದ್ದರಲ್ಲಿ ತಪ್ಪೇನಿಲ್ಲ. ನೆಲದ ಮೇಲೆ ಏನಿದೆಯೋ ಅದೇ ಆಕಾಶದಲ್ಲಿ ಕಾಣುತ್ತೆ. ಅಜ್ಜನ ನೆಲದಲ್ಲಿ ಕೂರಿಗೆ ಇತ್ತು, ಇವಳ ಕೈಯಲ್ಲಿ ಮೊಬೈಲ್ ಇದೆ. ಒಂದೇ ಸಂಕಟ ಅಂದರೆ, ಅಟ್ಟ ಸೇರಿ ಗೆದ್ದಲು ಹಿಡಿದು ಹೋದ ಕೂರಿಗೆ, ಯಾರೂ ಮುಟ್ಟದ ಆಕಾಶದಿಂದಲೂ ಹೋಯಿತಲ್ಲ ಅನ್ನೋದು. ಆ ಚುಕ್ಕಿಗಳು ಎಲ್ಲೂ ಹೋಗಿಲ್ಲ. ಆದರೆ ಅಲ್ಲಿ ಕೂರಿಗೆ ಕಾಣೋ ಕಣ್ಣು ನಮ್ಮ ಮನೆಯಲ್ಲಿ ಈಗ ನನ್ನದೊಂದೇ. ಅದಕ್ಕೇ ಮರುದಿನ ಒಂದು ಹಾಳೆಯಲ್ಲಿ ಬಟ್ಟಲು, ಕೊಳವೆ, ತಾಳು ಎಲ್ಲ ಬರೆದು ಅವಳ ಕೈಗೆ ಕೊಟ್ಟೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳಂತೆ.

ನಿಮ್ಮ ಮನೆಯ ಹಿರಿಯರಿಗೆ ಆ ಮೂರು ಚುಕ್ಕಿ ಏನಾಗಿ ಕಾಣ್ತವೆ? ಇವತ್ತೇ ಕೇಳಿ ನೋಡಿ.