ಝಭಲಾ ಮತ್ತು ಕೊಟ್ಟೆ

ಗುಜರಾತಿ ಭಾಷೆಯಲ್ಲಿ ಹಸುಗೂಸಿಗೆ ತೊಡಿಸುವ ಪುಟ್ಟ ಅಂಗಿಗೆ ‘ಝಭಲಾ’ ಎಂದು ಹೆಸರು. ಆದರೆ ಅಹಮದಾಬಾದಿನ ತರಕಾರಿ ಅಂಗಡಿಯಲ್ಲಿ ಈ ಮಾತು ಕಿವಿಗೆ ಬಿದ್ದರೆ ಮಗುವನ್ನು ನೆನೆಯಬೇಕಾಗಿಲ್ಲ. ಎರಡು ಹಿಡಿಕೆಗಳ ತೆಳು ಪ್ಲಾಸ್ಟಿಕ್ ಚೀಲ ನೋಡಲು ಅಂಗಿಯಂತಿರುವುದರಿಂದ ಅದಕ್ಕೂ ಅದೇ ಹೆಸರು ಅಂಟಿಕೊಂಡಿದೆ. ಮಲೆನಾಡು, ಕರಾವಳಿಗಳ ಕನ್ನಡದಲ್ಲಿಯೂ ಇಂಥದೇ ಅರ್ಥಪಲ್ಲಟ ನಡೆದಿದೆ. ಎಲೆಯಿಂದ ಮಾಡುತ್ತಿದ್ದ ‘ಕೊಟ್ಟೆ’ ಈಗ ಪ್ಲಾಸ್ಟಿಕ್ ಚೀಲದ ಹೆಸರೂ ಹೌದು. ಎಲೆಯ ಕೊಟ್ಟೆ ಗೊಬ್ಬರದ ಗುಂಡಿಯಲ್ಲಿ ಕರಗುತ್ತಿತ್ತು. ಹೆಸರನ್ನು ಪಡೆದ ವಸ್ತುವಿಗೆ ಆ ಗುಣ ಬರಲಿಲ್ಲ. ಇಂಥ ಪದಗಳ ಬೆನ್ನುಹತ್ತಿದವರು ನಿಘಂಟಿನಿಂದ ಹೊರಟು ಕಡಲಿನವರೆಗೂ ಹೋಗಬೇಕಾಗುತ್ತದೆ.

ದಾರಿ ನದಿಗಳದು. ಅಹಮದಾಬಾದಿಗೆ ಸಾಬರಮತಿ, ವಡೋದರಕ್ಕೆ ವಿಶ್ವಾಮಿತ್ರಿ, ಸೂರತ್ತಿಗೆ ತಾಪಿ. ವಿಶ್ವಾಮಿತ್ರಿಯು ಪಾವಾಗಢ ಬೆಟ್ಟದಲ್ಲಿ ಹುಟ್ಟಿ (ತುಮಕೂರು ಜಿಲ್ಲೆಯ ಪಾವಗಡವಲ್ಲ) ಊರ ನಡುವೆಯೇ ಹರಿಯುತ್ತದೆ. ಮೊಸಳೆಗಳು ಇಂದಿಗೂ ಅಲ್ಲಿ ವಾಸವಾಗಿವೆ. ಮಳೆ ಬಿದ್ದಾಗ ಚರಂಡಿಯ ಕಸ ಹೊಳೆಗೆ, ಹೊಳೆಯದು ಕಡಲಿಗೆ. ಖಂಭಾತ್ ಕೊಲ್ಲಿಯಲ್ಲಿ ಭರತ ಇಳಿತಗಳ ಅಂತರ 10 ಮೀಟರಿಗೂ ಮಿಕ್ಕುವುದುಂಟು. ದಿನಕ್ಕೆರಡು ಬಾರಿ ಏರಿಳಿಯುವ ಆ ನೀರು ಬಂದುದನ್ನು ಒಯ್ಯುತ್ತದೆ, ಒಯ್ದುದರಲ್ಲಿ ಒಂದಿಷ್ಟನ್ನು ದಡಕ್ಕೆ ಎಸೆಯುತ್ತದೆ. ಸೂರತ್ತಿನ ಬಳಿಯ ಡುಮಸ್ ತೀರದ ಕಪ್ಪು ಮರಳಿನ ಮೇಲೆ ಬಿಳಿಯ ಝಭಲಾ ದೂರದಿಂದಲೇ ಕಣ್ಣಿಗೆ ಬೀಳುತ್ತದೆ.

ಹಾಗಾದರೆ ಆಯುವವರಿಲ್ಲವೇ? ಇದ್ದಾರೆ. ಇಳಾ ಭಟ್ಟರು 1972ರಲ್ಲಿ ಅಹಮದಾಬಾದಿನಲ್ಲಿ ಕಟ್ಟಿದ ‘ಸೇವಾ’ ಸಂಘವು ಚಿಂದಿ ಕಾಗದ ಆಯುವ ಹೆಂಗಸರನ್ನೂ ದುಡಿಮೆಗಾರರೆಂದೇ ಎಣಿಸಿ ಸಂಘಟಿಸಿತು. ನಸುಕಿನಲ್ಲಿ ಗೋಣಿಯನ್ನು ಹೆಗಲಿಗೇರಿಸಿ ಹೊರಡುವ ಆಕೆಗೆ ಸಿಗುವ ಹಣ ತೂಕದ ಲೆಕ್ಕದ್ದು. ಬಾಟಲಿ ತೂಗುತ್ತದೆ, ರಟ್ಟು ತೂಗುತ್ತದೆ. ಝಭಲಾ ತೂಗುವುದು ಕೆಲವೇ ಗ್ರಾಂ. ಒಂದು ಕಿಲೋ ಆಗಬೇಕಾದರೆ ನೂರಾರು ಬಾರಿ ಬಗ್ಗಬೇಕು. ಕೊಳೆ ಹತ್ತಿದ್ದರೆ ಗುಜರಿಯವನು ಅದನ್ನೂ ಒಲ್ಲೆನ್ನುತ್ತಾನೆ. ಅಡಿಕೆ ತಂಬಾಕಿನ ಮಾವಾ ಕಟ್ಟಿಕೊಡುವ ಅಂಗೈಯಗಲದ ಹಾಳೆಯ ಮಾತಂತೂ ಬೇಡ. ಆಕೆ ಬಿಟ್ಟುಹೋದದ್ದೇ ಹೊಳೆಗೆ ಬೀಳುತ್ತದೆ. ತೀರಶುದ್ಧಿಯ ಉತ್ಸಾಹಿಗಳು ವರ್ಷಕ್ಕೊಮ್ಮೆ ಕೈಗವಸು ತೊಟ್ಟು ಹೆಕ್ಕುವುದು ಬಹುಪಾಲು ಇದನ್ನೇ.

ಸೂರತ್ತಿನಲ್ಲಿ 1994ರ ಮಳೆ, ನೆರೆಗಳ ಹಿಂದೆಯೇ ಪ್ಲೇಗು ಬಂದು ಜನ ಊರು ಬಿಟ್ಟು ಓಡಿದರು. ಮರುವರ್ಷ ಪಾಲಿಕೆಯ ಆಯುಕ್ತರಾಗಿ ಬಂದ ಎಸ್. ಆರ್. ರಾವ್ ಅವರ ಕಾಲದಲ್ಲಿ ಬೀದಿಗಳು ಶುದ್ಧವಾದವು. ಅದು ದೊಡ್ಡ ಕೆಲಸವೇ. ಆದರೆ ಬೀದಿ ಗುಡಿಸುವುದು ಬೇರೆ, ಕಸ ಹುಟ್ಟದಂತೆ ಮಾಡುವುದು ಬೇರೆ.

2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶದಾದ್ಯಂತ ನಿಷೇಧ ಬಂತು. ವರ್ಷದ ಕೊನೆಗೆ, ಕೈಚೀಲ 120 ಮೈಕ್ರಾನಿಗಿಂತ ತೆಳುವಾಗಿರಕೂಡದೆಂಬ ನಿಯಮವೂ ಬಂತು. ದಪ್ಪ ಚೀಲಕ್ಕೆ ತೂಕವುಂಟು, ತೂಕಕ್ಕೆ ಬೆಲೆಯುಂಟು; ಆಯುವವಳ ಲೆಕ್ಕಾಚಾರವನ್ನು ಅರಿತ ನಿಯಮವೆಂದೇ ಇದನ್ನು ಕರೆಯಬೇಕು. 2023ರ ಜನವರಿಯಲ್ಲಿ ಅಹಮದಾಬಾದಿನ ಪಾಲಿಕೆ ಚಹಾದಂಗಡಿಗಳ ಕಾಗದದ ಲೋಟಗಳನ್ನೂ ತಡೆಯಿತು. ಅವುಗಳ ಒಳಮೈಗೆ ಪ್ಲಾಸ್ಟಿಕ್ ಪದರವಿರುತ್ತದೆ. ಗಾಜಿನ ಲೋಟವಾಗಲಿ, ಚಹಾವನ್ನು ಸುರಿದು ಹೀರುವ ‘ರಕಾಬಿ’ ಎಂಬ ತಟ್ಟೆಯಾಗಲಿ ಆ ಊರಿಗೆ ಹೊಸದಲ್ಲ. ಎಸೆಯುವ ಲೋಟ ಬಂದದ್ದು ತೊಳೆಯುವ ಶ್ರಮವನ್ನು ಉಳಿಸಲೆಂದು. ಗಾಜು ಮರಳಿ ಬಂದರೆ ಬಕೆಟ್ಟಿನ ಮುಂದೆ ಕುಳಿತು ದಿನವಿಡೀ ತೊಳೆಯುವ ಕೈ ಯಾರದು, ಅದರ ಕೂಲಿ ಎಷ್ಟು ಎಂಬುದನ್ನು ಮಾತ್ರ ಚಹಾ ಕುಡಿಯುವವರು ಇನ್ನೂ ಕೇಳಿಕೊಳ್ಳಬೇಕಾಗಿದೆ.